ಮಸಣಕ್ಕೂ ಬೇಕು ಲೆಕ್ಕದ ಪುಸ್ತಕ

ಹರಿಶ್ಚಂದ್ರನ ಕಥೆ ಕೇಳದ ಕನ್ನಡಿಗರು ವಿರಳ. ಸತ್ಯಕ್ಕಾಗಿ ರಾಜ್ಯ ತೊರೆದ ದೊರೆ ಕಾಶಿಯ ಮಸಣದಲ್ಲಿ ವೀರಬಾಹುವಿನ ಆಳಾಗಿ ಕಾವಲು ನಿಲ್ಲುತ್ತಾನೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಂದ ಚಂದ್ರಮತಿಗೂ ಸುಂಕ ಕೊಡದೆ ಸುಡಲು ಬಿಡುವುದಿಲ್ಲ. ಹದಿಮೂರನೇ ಶತಮಾನದ ರಾಘವಾಂಕನ ಕಾವ್ಯದಿಂದ ಹಿಡಿದು ಬಯಲಾಟ, ಹರಿಕಥೆ, ಸಿನಿಮಾಗಳವರೆಗೆ ಈ ಪ್ರಸಂಗ ನೋಡುಗರ ಕಣ್ಣಲ್ಲಿ ನೀರು ತರಿಸುತ್ತಲೇ ಬಂದಿದೆ. ಆ ಮಸಣಕ್ಕೆ ಒಡೆಯನಿದ್ದ, ಕಾವಲುಗಾರನಿದ್ದ, ಗೊತ್ತಾದ ದರವೂ ಇತ್ತು. ಕಥೆಯಲ್ಲಿ ಎಲ್ಲಿಯೂ ಕಾಣಿಸದ್ದು ಒಂದೇ: ಯಾರು ಬಂದರು, ಯಾವ ಜಾಗಕ್ಕೆ ಸೇರಿದರು ಎಂದು ಬರೆದಿಡುವ ಪುಸ್ತಕ.

ಸುಡುವ ಕಡೆ ಆ ಪುಸ್ತಕ ಇಲ್ಲದಿದ್ದರೂ ನಡೆದೀತು. ಬೂದಿ ಹೊಳೆ ಸೇರುತ್ತದೆ. ನೆಲ ಮರುದಿನ ಇನ್ನೊಬ್ಬರಿಗೆ ಸಿದ್ಧವಾಗುತ್ತದೆ. ಹೂಳುವ ಕಡೆ ಹಾಗಾಗದು. ಒಂದೇ ನೆಲದಲ್ಲಿ ತಲೆಮಾರುಗಳು ಮಲಗಿರುತ್ತವೆ. ಹೊಸ ಗುಂಡಿ ತೋಡುವ ಮುನ್ನ ಅಲ್ಲಿ ಮೊದಲೇ ಯಾರಾದರೂ ಇದ್ದಾರೆಯೇ ಎಂದು ತಿಳಿಯಬೇಕು. ಹೆಂಡತಿಯ ಪಕ್ಕದ ಜಾಗ ಗಂಡನಿಗೆಂದು ಕಾದಿರಿಸಿದ್ದರೆ ಅದನ್ನು ನೆನಪಿಡಬೇಕು. ಐವತ್ತು ವರ್ಷ ಕಳೆದು ಮೊಮ್ಮಗ ಬಂದು ಕೇಳಿದರೆ ಕೈ ತೋರಿಸಿ ಹೇಳಬೇಕು. ಅಂದರೆ ಸ್ಮಶಾನದ ಲೆಕ್ಕಕ್ಕೆ ಎರಡು ಕಣ್ಣುಗಳಿವೆ. ಒಂದು ‘ಯಾರು’, ಇನ್ನೊಂದು ‘ಎಲ್ಲಿ’. ಈ ಎರಡನ್ನೂ ಒಂದೇ ದಫ್ತರದಲ್ಲಿ ಕೂಡಿಸಲು, ಬರವಣಿಗೆಯ ಶಿಸ್ತಿಗೆ ಹೆಸರಾದ ಇಂಗ್ಲೆಂಡಿನಂಥ ದೇಶಕ್ಕೂ ನಾಲ್ಕು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು ಎಂಬುದು ಕುತೂಹಲದ ಇತಿಹಾಸ.

ಎರಡು ಬೀಗದ ಪೆಟ್ಟಿಗೆ

ಈ ಇತಿಹಾಸ ಆರಂಭವಾಗುವುದು 1538ರಲ್ಲಿ. ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಇಂಗ್ಲೆಂಡಿನ ಪ್ರತಿಯೊಂದು ಪ್ಯಾರಿಷ್‌ಗೂ ಒಂದು ಆಜ್ಞೆ ಕಳುಹಿಸಿದ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು. ಅಲ್ಲಿ ನಡೆಯುವ ಪ್ರತಿ ಮದುವೆ, ನಾಮಕರಣ ಮತ್ತು ಶವಸಂಸ್ಕಾರವನ್ನು ಪಾದ್ರಿ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು. ಒಂದು ಕೀಲಿಕೈ ಪಾದ್ರಿಯ ಬಳಿ, ಇನ್ನೊಂದು ಊರಿನ ಪರವಾಗಿ ಚರ್ಚು ನೋಡಿಕೊಳ್ಳುವ ಹಿರಿಯರ ಬಳಿ ಇರಬೇಕು. ಒಬ್ಬರೇ ತೆರೆದು ತಿದ್ದುವಂತಿರಲಿಲ್ಲ.

ಜನಕ್ಕೆ ಇದರಿಂದ ಸಂತೋಷವೇನೂ ಆಗಲಿಲ್ಲ. ಇದು ಹೊಸ ತೆರಿಗೆಯ ಮುನ್ಸೂಚನೆ ಎಂದು ಅವರು ಗುಮಾನಿಪಟ್ಟರು. ಆ ಗುಮಾನಿ ಪೂರ್ತಿ ಸುಳ್ಳಾಗಲಿಲ್ಲ ಎಂಬುದು ಮುಂದೆ ತಿಳಿಯಿತು. ಮೊದಲ ಪುಸ್ತಕಗಳು ಬಹಳಷ್ಟು ಕಾಗದದವು. ಅವು ಬಾಳದೆ ಹೋದದ್ದರಿಂದ 1598ರಲ್ಲಿ ಹಳೆಯ ದಾಖಲೆಗಳನ್ನು ಚರ್ಮದ ಹಾಳೆಗಳಿಗೆ ಇಳಿಸಬೇಕೆಂಬ ಆದೇಶ ಬಂತು. ಕನಿಷ್ಠ 1558ರಿಂದ, ಅಂದರೆ ಮೊದಲನೇ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ವರ್ಷದಿಂದ, ನಕಲು ಮಾಡಿದರೆ ಸಾಕೆಂಬ ಅರ್ಥ ಅದರಲ್ಲಿತ್ತು. ಹಲವು ಪಾದ್ರಿಗಳು ಅಷ್ಟನ್ನೇ ಮಾಡಿದರು. ಅನೇಕ ಊರುಗಳ ದಾಖಲೆ ಸರಿಯಾಗಿ 1558ರಿಂದಲೇ ಆರಂಭವಾಗುವುದಕ್ಕೆ ಇದೇ ಕಾರಣ. ಅದಕ್ಕೂ ಹಿಂದಿನ 20 ವರ್ಷಗಳ ಹೆಸರುಗಳು ಆ ಊರುಗಳಲ್ಲಿ ಕಾಗದದ ಜೊತೆಗೇ ಅಳಿದವು.

ಸತ್ತವರ ಪುಸ್ತಕದ ಮೇಲೆ ಸರ್ಕಾರದ ಕಣ್ಣು ಬೀಳಲು ತಡವಾಗಲಿಲ್ಲ. ಉಣ್ಣೆಯ ವ್ಯಾಪಾರ ಕಾಪಾಡಲು 1666 ಮತ್ತು 1678ರಲ್ಲಿ ಬಂದ ಕಾಯ್ದೆಗಳ ಪ್ರಕಾರ ಹೆಣಕ್ಕೆ ಉಣ್ಣೆಯ ಬಟ್ಟೆಯನ್ನೇ ಹೊದಿಸಬೇಕಿತ್ತು. ಹಾಗೆ ಮಾಡಿದ್ದಕ್ಕೆ ಪ್ರಮಾಣಪತ್ರ ಒಪ್ಪಿಸಬೇಕು. ತಪ್ಪಿದರೆ ಐದು ಪೌಂಡ್ ದಂಡ. 1783ರಲ್ಲಿ ಪುಸ್ತಕದ ಪ್ರತಿ ನಮೂದಿಗೂ ಮೂರು ಪೆನ್ಸ್ ಸುಂಕ ಬಿತ್ತು. ಕಡುಬಡವರಿಗೆ ಮಾತ್ರ ವಿನಾಯಿತಿ. ಪರಿಣಾಮವಾಗಿ ಕೆಲವು ಊರುಗಳಲ್ಲಿ ಇದ್ದಕ್ಕಿದ್ದಂತೆ ಕಡುಬಡವರ ಸಂಖ್ಯೆ ಏರಿತು! 1794ರಲ್ಲಿ ಆ ಸುಂಕ ರದ್ದಾಯಿತು.

ಇಲ್ಲದ ಅಂಕಣ

ದಾಖಲೆಗೆ ಒಂದು ಶಿಸ್ತು ಬಂದದ್ದು 1812ರಲ್ಲಿ. ಜಾರ್ಜ್ ರೋಸ್ ಎಂಬ ಸಂಸತ್ ಸದಸ್ಯ ತಂದ ಕಾಯ್ದೆಯಂತೆ ಮುಂದಿನ ವರ್ಷದಿಂದ ಶವಸಂಸ್ಕಾರಕ್ಕೇ ಪ್ರತ್ಯೇಕವಾದ ಅಚ್ಚಿನ ಪುಸ್ತಕ ಬಂತು. ಎಲ್ಲ ಊರಿಗೂ ಒಂದೇ ನಮೂನೆ. ಅದರಲ್ಲಿದ್ದ ಅಂಕಣಗಳು ಹೀಗಿದ್ದವು: ಸತ್ತವರ ಹೆಸರು, ವಾಸಸ್ಥಳ, ಹೂಳಿದ ದಿನ, ವಯಸ್ಸು, ಸಂಸ್ಕಾರ ನಡೆಸಿದವರ ಹೆಸರು.

ಹೂಳಿದ ಜಾಗಕ್ಕೆ ಅಂಕಣವೇ ಇರಲಿಲ್ಲ. ‘ಯಾರು’ ಎಂಬುದಕ್ಕೆ ಅಚ್ಚುಕಟ್ಟಾದ ಉತ್ತರ ಸಿಕ್ಕಿತು. ‘ಎಲ್ಲಿ’ ಎಂಬುದು ಗುಂಡಿ ತೋಡುವವನ ತಲೆಯಲ್ಲೇ ಉಳಿಯಿತು. ಸೆಕ್ಸ್‌ಟನ್ ಎಂದು ಕರೆಯುವ ಈ ಚರ್ಚಿನ ಆಳು ಊರಿನ ಸತ್ತವರ ನಕ್ಷೆಯನ್ನು ನೆನಪಿನಲ್ಲಿ ಹೊತ್ತು ತಿರುಗುತ್ತಿದ್ದ. ಆತನೂ ಗುಂಡಿ ಸೇರಿದ ದಿನ ಆ ನಕ್ಷೆ ಅವನೊಂದಿಗೇ ಹೋಗುತ್ತಿತ್ತು. ಕಲ್ಲು ನೆಡಿಸುವ ಶಕ್ತಿ ಇದ್ದವರಿಗೆ ಕಲ್ಲೇ ಗುರುತು. ಮಿಕ್ಕವರ ಮೇಲೆ ಹುಲ್ಲು ಬೆಳೆಯುತ್ತಿತ್ತು. ಕೆಲವು ವರ್ಷಗಳ ನಂತರ ಅದೇ ಜಾಗದಲ್ಲಿ ಮತ್ತೆ ಗುದ್ದಲಿ ಬೀಳುತ್ತಿತ್ತು.

ಹಳ್ಳಿಗಳಲ್ಲಿ ಇದು ಹೇಗೋ ನಡೆದುಹೋಯಿತು. ಕೈಗಾರಿಕಾ ನಗರಗಳು ಬೆಳೆದಾಗ ವ್ಯವಸ್ಥೆ ಕುಸಿಯಿತು. ಜಾರ್ಜ್ ಆಲ್ಫ್ರೆಡ್ ವಾಕರ್ ಎಂಬ ವೈದ್ಯ 1839ರಲ್ಲಿ ಲಂಡನ್ನಿನ ಸ್ಮಶಾನಗಳ ಕುರಿತು ಪುಸ್ತಕವೊಂದನ್ನು ಪ್ರಕಟಿಸಿ ಓದುಗರನ್ನು ಬೆಚ್ಚಿಬೀಳಿಸಿದ. ಅದರಲ್ಲಿ ಎನನ್ ಚಾಪೆಲ್ ಎಂಬ ಪುಟ್ಟ ಪ್ರಾರ್ಥನಾಮಂದಿರದ ಪ್ರಸ್ತಾಪವಿತ್ತು. ಅದರ ನೆಲಮಾಳಿಗೆಯಲ್ಲಿ ಸುಮಾರು 20 ವರ್ಷಗಳಲ್ಲಿ 12 ಸಾವಿರದಷ್ಟು ಹೆಣಗಳನ್ನು ತುಂಬಲಾಗಿತ್ತೆಂದು ಅಂದಾಜು ಮಾಡಲಾಯಿತು. ಮೇಲೆ ಪ್ರಾರ್ಥನೆ, ಕೆಳಗೆ ಹೆಣಗಳ ರಾಶಿ. 1843ರಲ್ಲಿ ಎಡ್ವಿನ್ ಚಾಡ್ವಿಕ್ ಇದೇ ವಿಷಯದ ಮೇಲೆ ಸರ್ಕಾರಕ್ಕೆ ವರದಿ ಕೊಟ್ಟ. 1848–49ರ ಕಾಲರಾ ಮಾರಿ ಉಳಿದ ಕೆಲಸ ಮುಗಿಸಿತು. 1852ರಲ್ಲಿ ಲಂಡನ್ನಿಗೆ, ಮರುವರ್ಷ ದೇಶದ ಉಳಿದ ಭಾಗಕ್ಕೆ ಅನ್ವಯಿಸುವ ಕಾಯ್ದೆಗಳು ಬಂದವು. ತುಂಬಿದ ಚರ್ಚ್ ಅಂಗಳಗಳನ್ನು ಮುಚ್ಚಿಸಿ, ಊರಿನವರೇ ಮಂಡಳಿ ರಚಿಸಿಕೊಂಡು ಸಾರ್ವಜನಿಕ ಸ್ಮಶಾನ ಕಟ್ಟುವ ಅಧಿಕಾರವನ್ನು ಅವು ನೀಡಿದವು.

ಸಂಖ್ಯೆ, ನಕ್ಷೆ, ಹಕ್ಕುಪತ್ರ

ಸಣ್ಣ ಊರುಗಳ ಸ್ಮಶಾನ ನಿರ್ವಹಣೆ ಇಂದಿಗೂ ನಿಂತಿರುವುದು ಆ ಕಾಲದಲ್ಲಿ ರೂಪುಗೊಂಡ ಮೂರು ದಾಖಲೆಗಳ ಮೇಲೆ. ಮೊದಲನೆಯದು, ಹೂಳಿದವರ ಹೆಸರು ಬರೆಯುವ ಪುಸ್ತಕ. ಎರಡನೆಯದು ಸ್ಮಶಾನದ ನಕ್ಷೆ. ಮೂರನೆಯದು ಹಕ್ಕಿನ ಪುಸ್ತಕ. ಹಣ ಕೊಟ್ಟು ಜಾಗ ಪಡೆದವರಿಗೆ ಸಿಗುವುದು ನೆಲದ ಒಡೆತನವಲ್ಲ. ಆ ಗುಂಡಿಯಲ್ಲಿ ಯಾರನ್ನು ಹೂಳಬೇಕೆಂದು ತೀರ್ಮಾನಿಸುವ ಹಕ್ಕು ಮಾತ್ರ. ಆ ಹಕ್ಕು ಯಾರ ಹೆಸರಿನಲ್ಲಿದೆ ಎಂಬುದನ್ನು ಈ ಪುಸ್ತಕ ಹೇಳುತ್ತದೆ. ಮೂರನ್ನೂ ಬೆಸೆಯುವ ದಾರ ಎಂದರೆ ಗುಂಡಿಯ ಸಂಖ್ಯೆ. ನಮ್ಮ ಹೊಲಗಳಿಗೆ ಸರ್ವೆ ನಂಬರು ಇದ್ದಂತೆ.

ಇದರಲ್ಲೂ ಒಂದು ತಾರತಮ್ಯವಿತ್ತು. ಖಾಸಗಿ ಸ್ಮಶಾನ ಕಂಪನಿಗಳಿಗೆಂದು 1847ರಲ್ಲಿ ಬಂದ ಕಾಯ್ದೆ ನಕ್ಷೆ ಮತ್ತು ಸಂಖ್ಯೆಯನ್ನು ಕಡ್ಡಾಯ ಮಾಡಿದ್ದು ನಿಜ. ಆದರೆ ಹಾಗೆ ಗುರುತಿಸಬೇಕಿದ್ದುದು ಹಣ ಕೊಟ್ಟು ಹಕ್ಕು ಪಡೆದವರ ಜಾಗಗಳನ್ನು. ಬಡವರು ಹೋಗುತ್ತಿದ್ದುದು ‘ಸಾಮಾನ್ಯ ಗುಂಡಿ’ಗೆ. ಸಂಬಂಧವೇ ಇಲ್ಲದ ಹಲವರನ್ನು ಒಂದರ ಮೇಲೊಂದರಂತೆ ಇಡುವ ಆಳವಾದ ಗುಂಡಿ ಅದು. ಅಲ್ಲಿ ಕಲ್ಲು ನೆಡುವ ಹಕ್ಕೂ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಎಷ್ಟೋ ಸ್ಮಶಾನಗಳ ಗುಮಾಸ್ತರು ಕಾಯ್ದೆಗೆ ಕಾಯದೆ ಈ ಗುಂಡಿಗಳಿಗೂ ಸಂಖ್ಯೆ ಕೊಟ್ಟು ಬರೆದಿಟ್ಟರು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ಸಂಸ್ಥೆಗಳ ಸ್ಮಶಾನಗಳಿಗೆ 1977ರಲ್ಲಿ ಸಮಗ್ರ ಆದೇಶವೊಂದು ಜಾರಿಗೆ ಬಂತು. ಗೊತ್ತಿರುವ ಎಲ್ಲ ಗುಂಡಿಗಳನ್ನೂ ನಕ್ಷೆಯಲ್ಲಿ ತೋರಿಸಿ ಬೇರೆಬೇರೆ ಸಂಖ್ಯೆ ಕೊಡಬೇಕೆಂದು ಅದು ವಿಧಿಸಿತು. ಹಕ್ಕಿನ ಅವಧಿ ಒಮ್ಮೆಗೆ ನೂರು ವರ್ಷ ಮೀರುವಂತಿಲ್ಲ. ಒಂದು ಶವಪೆಟ್ಟಿಗೆಗೂ ಇನ್ನೊಂದಕ್ಕೂ ನಡುವೆ ಆರು ಅಂಗುಲ ಮಣ್ಣಿರಬೇಕು. ಮೇಲಿನ ಪೆಟ್ಟಿಗೆ ಸಾಧಾರಣವಾಗಿ ನೆಲದಿಂದ ಮೂರು ಅಡಿ ಕೆಳಗಿರಬೇಕು. ಹೂಳಿದವರ ಪುಸ್ತಕವನ್ನು ಯಾರು ಬೇಕಾದರೂ ಬಂದು ನೋಡಬಹುದು. 1538ರಿಂದ ಲೆಕ್ಕ ಹಾಕಿದರೆ 439 ವರ್ಷ.

ಈ ಹೊರೆ ಹೊತ್ತವರಲ್ಲಿ ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್‌ಗಳೂ ಇವೆ. ಅನೇಕ ಕಡೆ ಇರುವುದು ಅರೆಕಾಲಿಕ ಗುಮಾಸ್ತರೊಬ್ಬರೇ. ತಪ್ಪು ಸಂಖ್ಯೆ ಬರೆದರೆ ಒಬ್ಬರ ತಾಯಿಯ ಗುಂಡಿಯಲ್ಲಿ ಇನ್ನೊಬ್ಬರನ್ನು ಹೂಳಿದಂತಾಗುತ್ತದೆ. ಹಾಗಾದರೆ ಸರಿಪಡಿಸಲು ಹೆಣ ಹೊರತೆಗೆಯಲೇಬೇಕು. ಅದಕ್ಕೆ ಮತ್ತೆ ಅನುಮತಿಗಳು ಬೇಕು. ಜಾಗದ ಕೊರತೆಯಿಂದಾಗಿ ಹಳೆಯ ಗುಂಡಿಗಳ ಮರುಬಳಕೆಯ ಚರ್ಚೆಯೂ ಅಲ್ಲಿ ನಡೆದಿದ್ದು, ಕಾನೂನು ಆಯೋಗ 2024ರ ಅಕ್ಟೋಬರ್‌ನಲ್ಲಿ ಈ ಕುರಿತು ಸಾರ್ವಜನಿಕರ ಅಭಿಪ್ರಾಯ ಕೇಳಿತು. ದಾಖಲೆ ಸರಿಯಿಲ್ಲದ ಕಡೆ ಮರುಬಳಕೆ ಎಂದರೆ ಕುರುಡು ಗುದ್ದಲಿ ಎಂದೇ ಅರ್ಥ.

ತಾಯಂದಿರ ಹುಡುಕಾಟ

ಈ ಪುಸ್ತಕಗಳ ಬೆಲೆ ಏನೆಂದು ತಿಳಿಸಿಕೊಟ್ಟವರು ಇತಿಹಾಸಕಾರರಿಗಿಂತ ಹೆಚ್ಚಾಗಿ ವಯಸ್ಸಾದ ತಾಯಂದಿರು. 1980ರ ದಶಕದ ಮಧ್ಯಭಾಗದವರೆಗೂ ಬ್ರಿಟನ್ನಿನಲ್ಲಿ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿದರೆ, ಅನೇಕ ಆಸ್ಪತ್ರೆಗಳು ತಾವೇ ಸಂಸ್ಕಾರದ ಏರ್ಪಾಟು ಮಾಡುತ್ತಿದ್ದವು. ತಾಯಿ ಮಗುವಿನ ಮುಖ ನೋಡದಿರುವುದೇ ಒಳ್ಳೆಯದು ಎಂಬ ನಂಬಿಕೆ ಆಗಿತ್ತು. ಮನೆಗೆ ಹೋಗಿ ಮರೆತುಬಿಡಿ ಎಂಬ ಉಪದೇಶ ಸಿಗುತ್ತಿತ್ತು. ಮಗುವನ್ನು ಎಲ್ಲಿ ಹೂಳಲಾಗಿದೆ ಎಂದು ಎಷ್ಟೋ ಜನರಿಗೆ ಹೇಳಲೇ ಇಲ್ಲ.

ಆ ತಾಯಂದಿರು ಮರೆಯಲಿಲ್ಲ. ನಲವತ್ತು ಐವತ್ತು ವರ್ಷ ಕಳೆದ ಮೇಲೆ ಕೆಲವರು ಊರಿನ ಸ್ಮಶಾನದ ಕಚೇರಿಗೆ ಹೋಗಿ, ತಮ್ಮ ಹೆಸರು ಮತ್ತು ಹೆರಿಗೆಯ ತಾರೀಕು ಹೇಳಿದರು. ಗುಮಾಸ್ತರು ಆ ವರ್ಷದ ಪುಸ್ತಕ ತೆಗೆದು ಸಾಲುಗಳ ಮೇಲೆ ಬೆರಳಾಡಿಸಿದರು. ಮಗುವಿಗೆ ಹೆಸರಿರಲಿಲ್ಲ; ತಾಯಿಯ ಮನೆತನದ ಹೆಸರಿನ ಮುಂದೆ ಹುಟ್ಟುವಾಗಲೇ ಸತ್ತ ಶಿಶು ಎಂದಷ್ಟೇ ಬರೆದಿತ್ತು. ಪಕ್ಕದಲ್ಲಿ ಗುಂಡಿಯ ಸಂಖ್ಯೆ ಇತ್ತು. ಆ ಸಂಖ್ಯೆ ಹಿಡಿದು ನಕ್ಷೆ ನೋಡಿ, ಕಲ್ಲಿಲ್ಲದ ಹುಲ್ಲಿನ ತುಂಡೊಂದರ ಬಳಿಗೆ ಅವರನ್ನು ಕರೆದೊಯ್ಯಲು ಸಾಧ್ಯವಾಯಿತು. ಹಲವು ಶಿಶುಗಳ ಜೊತೆಗೆ, ಅಥವಾ ಗುರುತಿಲ್ಲದ ದೊಡ್ಡವರ ಜೊತೆಗೆ ಆ ಮಗು ಅಲ್ಲಿ ಮಲಗಿತ್ತು. ಹಿಂದಿನ ಕಾಲದ ಗುಮಾಸ್ತ ಬೇಸರಪಡದೆ ಬರೆದ ಒಂದು ಅಂಕಿ ಅರ್ಧ ಶತಮಾನದ ಬಳಿಕ ತಾಯಿಗೆ ಮಗುವಿನ ವಿಳಾಸ ಕೊಟ್ಟಿತು. ಪುಸ್ತಕ ಕಳೆದುಹೋದ, ಸಂಖ್ಯೆ ಬರೆಯದ ಕಡೆಗಳಲ್ಲಿ ಹುಡುಕಾಟ ಅಲ್ಲಿಗೇ ನಿಂತಿತು.

ಕರ್ನಾಟಕದ ನಂಟು

ಕರ್ನಾಟಕದ ಮಣ್ಣಿನಲ್ಲಿರುವ ಕೆಲವರ ಹೆಸರುಗಳೂ ಇದೇ ವ್ಯವಸ್ಥೆಯ ಮೂಲಕ ಲಂಡನ್ನಿಗೆ ಹೋಗಿವೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಪಾದ್ರಿಗಳು ಬರೆದ ಶವಸಂಸ್ಕಾರದ ಪಟ್ಟಿಗಳ ನಕಲನ್ನು ತರಿಸಿಕೊಳ್ಳುತ್ತಿತ್ತು. ಮದರಾಸಿನ ಪಟ್ಟಿಗಳು 1698ರಿಂದ ಉಳಿದಿದ್ದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ಮಂಗಳೂರುಗಳಲ್ಲಿ ಸತ್ತ ಸಿಪಾಯಿ, ಗುಮಾಸ್ತ, ಹೆಂಡತಿ, ಮಕ್ಕಳ ಹೆಸರುಗಳನ್ನು ಹುಡುಕುವವರು ಆ ಸಾಲಿನ ಪಟ್ಟಿಗಳನ್ನೇ ತಿರುವಬೇಕು. ಅವುಗಳಲ್ಲಿ ಹೆಸರಿದೆ, ತಾರೀಕಿದೆ, ಗುಂಡಿಯ ಗುರುತಿಲ್ಲ. ಜೆ.ಜೆ. ಕಾಟನ್ ಎಂಬ ಅಧಿಕಾರಿ 1905ರಲ್ಲಿ ಪ್ರಾಂತ್ಯದ ಸಮಾಧಿ ಶಾಸನಗಳ ಪಟ್ಟಿ ಪ್ರಕಟಿಸಿದ. ಅದರಲ್ಲಿ ಗುಂಡಿಯ ಗುರುತಿದೆ. ಆದರೆ ಕಲ್ಲಿದ್ದವರಿಗೆ ಮಾತ್ರ, ಅದರಲ್ಲೂ ಚರಿತ್ರೆಗೆ ಬೇಕೆನಿಸಿದವರಿಗೆ ಮಾತ್ರ.

ನಮ್ಮ ಊರುಗಳ ಸ್ಥಿತಿಯೂ ಇದಕ್ಕಿಂತ ತೀರ ಭಿನ್ನವಾಗಿಲ್ಲ. ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು, ದಲಿತರಲ್ಲಿ ಅನೇಕರು, ಇನ್ನೂ ಹಲವು ಸಮುದಾಯಗಳವರು ಹೂಳುವ ಪದ್ಧತಿಯವರು. ಹಳ್ಳಿಯ ಸ್ಮಶಾನದ ಸರ್ವೆ ನಂಬರು, ಎಕರೆ ಗುಂಟೆಗಳು ಪಹಣಿಯಲ್ಲಿ ಸಿಗುತ್ತವೆ. ಸತ್ತವರ ಹೆಸರು ಜನನ ಮರಣ ನೋಂದಣಿಯಲ್ಲಿ ಸಿಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಹತ್ತನೇ ಕಲಮು ಸ್ಮಶಾನ ನೋಡಿಕೊಳ್ಳುವವರ ಮೇಲೂ ಸಾವಿನ ಮಾಹಿತಿ ಕೊಡುವ ಹೊಣೆ ಹೊರಿಸಿದೆ. ಆದರೆ ಮರಣದ ನಮೂನೆಯಲ್ಲಿ ಸತ್ತ ಸ್ಥಳಕ್ಕೆ ಅಂಕಣವಿದೆಯೇ ಹೊರತು ಹೂಳಿದ ಜಾಗಕ್ಕಿಲ್ಲ. ಭೂಮಿಯ ದಾಖಲೆ ಒಂದು ಕಚೇರಿಯಲ್ಲಿ, ಹೆಸರು ಇನ್ನೊಂದು ಕಚೇರಿಯಲ್ಲಿ. ಎರಡೂ ಒಂದೆಡೆ ಸೇರುವುದು ಬಹುತೇಕ ಗುಂಡಿ ತೋಡುವವರ ನೆನಪಿನಲ್ಲಿ ಮಾತ್ರ.

ಸ್ಮಶಾನದ ಲೆಕ್ಕ ಬದುಕಿರುವವರಿಗೆ ಎಷ್ಟು ಮುಖ್ಯ ಎಂಬುದನ್ನು 2021ರ ಕೊರೊನಾ ಎರಡನೇ ಅಲೆ ತೋರಿಸಿಕೊಟ್ಟಿತು. ಗುಜರಾತ್, ಮಧ್ಯಪ್ರದೇಶ ಮೊದಲಾದ ಕಡೆ ಸರ್ಕಾರದ ಅಂಕಿಗಳಿಗೂ ವಾಸ್ತವಕ್ಕೂ ಇರುವ ಅಂತರವನ್ನು ಪತ್ರಕರ್ತರು ಕಂಡುಕೊಂಡದ್ದು ಚಿತಾಗಾರ, ಸ್ಮಶಾನಗಳಲ್ಲಿ ನಿಂತು ಲೆಕ್ಕ ಹಾಕಿ. ಉಳಿದೆಲ್ಲ ಕಡೆ ಸಾವನ್ನು ಕಡಿಮೆ ತೋರಿಸಬಹುದು. ಸ್ಮಶಾನದ ಬಾಗಿಲಲ್ಲಿ ಬರೆದ ಲೆಕ್ಕ ಮುಚ್ಚಿಡುವುದು ಕಷ್ಟ.

ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಅಳೆದು ಗುರುತು ಹಾಕಿದ ನಕ್ಷೆ, ಪ್ರತಿ ಗುಂಡಿಗೆ ಒಂದು ಸಂಖ್ಯೆ, ಆ ಸಂಖ್ಯೆ ಮತ್ತು ಹೆಸರನ್ನು ಒಂದೇ ಸಾಲಿನಲ್ಲಿ ಬರೆಯುವ ಒಂದು ಪುಸ್ತಕ, ಅದರ ನಕಲು ಇನ್ನೊಂದೆಡೆ. ಉಳ್ಳವರ ಸಮಾಧಿಗೆ ಅಮೃತಶಿಲೆ ಕಾವಲಿರುತ್ತದೆ. ಇಲ್ಲದವರಿಗೆ ಆ ಪುಸ್ತಕದ ಒಂದು ಸಾಲೇ ಕಾವಲು.