ತಾಮ್ರದ ತಂತಿಯಿಂದ ಆಪ್ಟಿಕಲ್ ಫೈಬರ್ ಸಂಪರ್ಕಕ್ಕೆ ಬದಲಾವಣೆ: ಅರ್ಜಿದಾರರಿಗೆ ಮಾಹಿತಿ

ಸ್ಥಿರ ದೂರವಾಣಿಯ ತಾಮ್ರದ ತಂತಿಯ ಮೂಲಕ ಬ್ರಾಡ್‌ಬ್ಯಾಂಡ್ ಸೌಲಭ್ಯ ಪಡೆಯುತ್ತಿರುವ ಗ್ರಾಹಕರು ಆಪ್ಟಿಕಲ್ ಫೈಬರ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಮೋಡೆಂ: ತಾಮ್ರದ ತಂತಿಯಲ್ಲಿ ವಿದ್ಯುತ್ ಸಂಕೇತಗಳೂ ಫೈಬರ್‌ನಲ್ಲಿ ಬೆಳಕಿನ ಸಂಕೇತಗಳೂ ಸಾಗುತ್ತವೆ. ಆದುದರಿಂದ ಹಳೆಯ ಎ.ಡಿ.ಎಸ್.ಎಲ್. ಮೋಡೆಂ ಅನ್ನು ಫೈಬರ್‌ಗೆ ನೇರವಾಗಿ ಜೋಡಿಸಲಾಗುವುದಿಲ್ಲ. ಇದಕ್ಕೆ ಓ.ಎನ್.ಟಿ. ಎಂಬ ಉಪಕರಣವು ಅವಶ್ಯಕ. ಅದು ಸೇವಾ ಸಂಸ್ಥೆಯ ಜಾಲಕ್ಕೆ ಹೊಂದುವಂತಿರಬೇಕು ಹಾಗೂ ಆ ಜಾಲದಲ್ಲಿ ನೋಂದಣಿಯಾಗಬೇಕು. ಸಂಸ್ಥೆಯನ್ನು ವಿಚಾರಿಸದೆ ಮಾರುಕಟ್ಟೆಯಲ್ಲಿ ಖರೀದಿಸುವುದು ಸೂಕ್ತವಲ್ಲ.

2. ರೂಟರ್: ವ್ಯಾನ್ ಎಂಬ ಗುರುತಿನ ಈಥರ್‌ನೆಟ್ ಪೋರ್ಟ್ ಇರುವ ರೂಟರನ್ನು ಓ.ಎನ್.ಟಿ.ಗೆ ಜೋಡಿಸಿ ಬಳಸಬಹುದು. ಆ ಪೋರ್ಟಿನ ಗರಿಷ್ಠ ವೇಗ ಸೆಕೆಂಡಿಗೆ 100 ಮೆಗಾಬಿಟ್ ಆಗಿದ್ದಲ್ಲಿ, ಅದಕ್ಕೂ ಹೆಚ್ಚಿನ ವೇಗದ ಯೋಜನೆಗೆ ಹಣ ಪಾವತಿಸಿದರೂ ಪ್ರಯೋಜನ ದೊರೆಯುವುದಿಲ್ಲ.

3. ಒಳಾಂಗಣ ಕೇಬಲ್: ಗೋಡೆಯೊಳಗಿನ ಹಳೆಯ ದೂರವಾಣಿ ತಂತಿ ಹಾಗೂ ಸ್ಪ್ಲಿಟರ್ ಫೈಬರ್ ಇಂಟರ್‌ನೆಟ್‌ಗೆ ಉಪಯೋಗವಾಗುವುದಿಲ್ಲ. ಹೊಸ ಕೇಬಲ್ ಎಳೆಯಬೇಕಾಗುವುದರಿಂದ ಬಾಡಿಗೆದಾರರು ಮನೆಯ ಮಾಲೀಕರ ಒಪ್ಪಿಗೆ ಪಡೆಯುವುದು ಒಳಿತು. ಫೈಬರ್ ಒಳಗೆ ಗಾಜಿನ ಎಳೆ ಇರುವುದರಿಂದ ಅದನ್ನು ಮಡಿಸಬಾರದು. ಬಿಚ್ಚಿದ ತುದಿಯಿಂದ ಕಣ್ಣಿಗೆ ಕಾಣದ ಲೇಸರ್ ಕಿರಣ ಹೊಮ್ಮುವ ಸಂಭವವಿದ್ದು, ಅದನ್ನು ದಿಟ್ಟಿಸಿ ನೋಡಬಾರದು.

4. ದೂರವಾಣಿ (ವಿಶೇಷ ಸೂಚನೆ): ತಾಮ್ರದ ಸಂಪರ್ಕದಲ್ಲಿ ಸಾಧಾರಣ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ಸುಮಾರು 48 ವೋಲ್ಟ್ ವಿದ್ಯುತ್ ಬರುವುದರಿಂದ, ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಫೈಬರ್ ಸಂಪರ್ಕದಲ್ಲಿ ದೂರವಾಣಿಯನ್ನು ಓ.ಎನ್.ಟಿ.ಗೆ ಜೋಡಿಸಲಾಗುತ್ತದೆ, ಕರೆಂಟ್ ಹೋದೊಡನೆ ಇಂಟರ್‌ನೆಟ್ ಮತ್ತು ದೂರವಾಣಿ ಎರಡೂ ಸ್ಥಗಿತಗೊಳ್ಳುತ್ತವೆ. ತುರ್ತು ಸಂಖ್ಯೆ 112ಕ್ಕೂ ಆ ದೂರವಾಣಿಯಿಂದ ಕರೆ ಮಾಡಲಾಗುವುದಿಲ್ಲ. ವೃದ್ಧರು ಅಥವಾ ರೋಗಿಗಳು ಒಂಟಿಯಾಗಿರುವ ಮನೆಗಳಲ್ಲಿ ಓ.ಎನ್.ಟಿ.ಯನ್ನು ಇನ್‌ವರ್ಟರ್ ಅಥವಾ ಅದರ ವೋಲ್ಟೇಜ್‌ಗೆ ಸರಿಹೊಂದುವ ಚಿಕ್ಕ ಯು.ಪಿ.ಎಸ್.ಗೆ ಜೋಡಿಸುವುದು ಹಾಗೂ ಚಾರ್ಜ್ ಆಗಿರುವ ಮೊಬೈಲ್ ಒಂದನ್ನು ಕೈಗೆಟಕುವಂತೆ ಇಡುವುದು ಅತ್ಯಗತ್ಯ.

5. ಹಳೆಯ ಸಂಪರ್ಕ: ಹೊಸ ಸಂಪರ್ಕದಲ್ಲಿ ಇಂಟರ್‌ನೆಟ್ ಹಾಗೂ ಕರೆಗಳು ಸರಿಯಾಗಿವೆಯೆಂದು ಖಚಿತಪಡಿಸಿಕೊಂಡ ನಂತರವೇ ಹಳೆಯದನ್ನು ರದ್ದುಪಡಿಸಲು ಕೋರಬಹುದು. ಹಳೆಯ ದೂರವಾಣಿ ಸಂಖ್ಯೆ ಮುಂದುವರಿಯಬೇಕಾದಲ್ಲಿ ಅದನ್ನು ಅರ್ಜಿಯಲ್ಲಿಯೇ ನಮೂದಿಸತಕ್ಕದ್ದು. ಬಾಡಿಗೆಗೆ ಪಡೆದ ಮೋಡೆಂ ಅನ್ನು ಹಿಂದಿರುಗಿಸಿ ಸ್ವೀಕೃತಿ ಪಡೆಯತಕ್ಕದ್ದು. ಸ್ವಂತ ಮೋಡೆಂ ನಿರುಪಯುಕ್ತವಾದಲ್ಲಿ ಅದು ಇ-ತ್ಯಾಜ್ಯವಾಗಿದ್ದು, ಮನೆಯ ಕಸದೊಂದಿಗೆ ಸೇರಿಸದೆ ಅಧಿಕೃತ ಸಂಗ್ರಹಣಾ ಕೇಂದ್ರಕ್ಕೆ ನೀಡತಕ್ಕದ್ದು.