ಇ-ಶ್ರಮ್ ಕಾರ್ಡ್: ಹೊರರಾಜ್ಯದಲ್ಲಿ ದುಡಿಯುವ ಕನ್ನಡಿಗ ಕಾರ್ಮಿಕರಿಗೆ ಏನು ಸಿಗುತ್ತೆ, ಏನು ಸಿಗಲ್ಲ?

ನವಿ ಮುಂಬೈನ ಸೀವುಡ್ಸ್‌ನಂಥ ಕಡೆ ಕಟ್ಟಡ ಕೆಲಸಕ್ಕೆ ಹೋಗುವ ಉತ್ತರ ಕರ್ನಾಟಕದ ಕಾರ್ಮಿಕರು ಒಂದು ವ್ಯತ್ಯಾಸ ತಿಳಿದಿರಬೇಕು. ಕೇಂದ್ರ ಕಾರ್ಮಿಕ ಸಚಿವಾಲಯ 2021ರ ಆಗಸ್ಟ್ 26ರಂದು ಆರಂಭಿಸಿದ ಇ-ಶ್ರಮ್ ಪೋರ್ಟಲ್, ಅಸಂಘಟಿತ ಕಾರ್ಮಿಕರಿಗೆ ಆಧಾರ್ ಜೋಡಿಸಿದ 12 ಅಂಕಿಯ ಸಂಖ್ಯೆ ನೀಡುತ್ತದೆ. ರಾಜ್ಯ ಬದಲಾದರೂ ಈ ಸಂಖ್ಯೆ ಬದಲಾಗದು. ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ಗೂ ಇದನ್ನು ಜೋಡಿಸಿರುವುದರಿಂದ, ಇದೇ ಸಂಖ್ಯೆ ಬಳಸಿ ಕೆಲಸ ಹುಡುಕಬಹುದು. 2024ರ ಅಕ್ಟೋಬರ್‌ನಿಂದ ಒಂದು ದೇಶ ಒಂದು ಪಡಿತರ ಚೀಟಿ ಸೇರಿ ಹಲವು ಯೋಜನೆಗಳ ಮಾಹಿತಿಯೂ ಇಲ್ಲೇ ಲಭ್ಯ.

ಆದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳು ಆಯಾ ರಾಜ್ಯಕ್ಕೆ ಸೀಮಿತ. ಕರ್ನಾಟಕದ ಲೇಬರ್ ಕಾರ್ಡ್ ತೋರಿಸಿ ಮಹಾರಾಷ್ಟ್ರ ಮಂಡಳಿಯ ಸೌಲಭ್ಯ ಪಡೆಯಲಾಗದು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಕೊಟ್ಟು ಅಲ್ಲಿಯೇ ನೋಂದಣಿ ಮಾಡಿಸಬೇಕು. ಇ-ಶ್ರಮ್ ಸಹಾಯವಾಣಿ: 14434.