ಬೆಳಕಿನ ಲೆಕ್ಕ

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಉರಿದ ಕಲ್ಲಿದ್ದಲಿನಲ್ಲಿ ಸಿಂಗರೇಣಿಯದೂ ಇದೆ. ಆ ಕರೆಂಟಿನ ದೀಪದಡಿ ಓದಿದವನು ನಾನು.

ಸಿಂಗರೇಣಿ ಚರಿತ್ರೆ ಅಂದ್ರೆ ಪುಸ್ತಕಗಳಿಗೆ 1871ರಲ್ಲಿ ಯಲ್ಲಂದು ಬಳಿ ಕಲ್ಲಿದ್ದಲು ಗುರುತಿಸಿದ ವಿಲಿಯಂ ಕಿಂಗ್. ಅಗೆದವರು, ಹೊತ್ತವರು 'ಕೂಲಿ' ಅನ್ನೋ ಒಂದೇ ಪದದಲ್ಲಿ ಹೂತುಹೋದರು. ಸುರಂಗದ ಕಾಲದಲ್ಲಿ ಮೇಲೆ ಊರಾದರೂ ಬಹುಪಾಲು ಉಳೀತಿತ್ತು. ತೆರೆದ ಗಣಿಗೆ ಹೊಲ, ಕೆರೆ, ಕೇರಿ, ಮಸಣ ಎಲ್ಲಾ ಬರೀ ಕಿತ್ತೆಸೆಯೋ ಮೇಲ್ಮಣ್ಣು.

1894ರ ಭೂಸ್ವಾಧೀನ ಕಾಯ್ದೆ ನೆಲದ ಹಕ್ಕಿದ್ದವನಿಗೆ ಪರಿಹಾರ ಕೊಟ್ಟಿತು. ಅದೇ ನೆಲದಲ್ಲಿ ಕೂಲಿ ಮಾಡಿದ ಮಾಲ, ಮಾದಿಗನೂ ಬಾಧಿತನೇ ಎಂದು ಕಾಯ್ದೆ ಒಪ್ಪಲು 2013 ಬರಬೇಕಾಯ್ತು. ಜಮೀನು ಯಾರಿಗಿರಬೇಕೆಂದು ಜಾತಿ ಮೊದಲೇ ತೀರ್ಮಾನಿಸಿದ್ದ ನಾಡಲ್ಲಿ ಪರಿಹಾರದ ಪಟ್ಟಿಯೂ ಜಾತಿಯ ಪಟ್ಟಿಯೇ ತಾನೆ?

ವಿಮರ್ಶೆ ಅಂದ್ರೆ ನನಗೆ ಮೊದಲು ಈ ಬೆಳಕಿನ ಲೆಕ್ಕ ಕೇಳೋದು.